ಹುಳು ತಿಂದ ಕೋಳಿ

ದೊಡ್ಡಲಕ್ಷ್ಮಮ್ಮನಿಗೆ ಮೈದುನನ ಮುಖ ಕಂಡರೆ ಆಗದು. ಆಗಬೇಕಾದರೂ ಯಾಕೆ? ಆಸ್ತಿ ಪಾಲಾದದ್ದೇ ತಡ, ಅನಂತರಾಜು ತನ್ನ ಭಾಗದ ಹಿಪ್ಪುನೇರಳೆ ಕಿತ್ತೆಸೆದು, ರಾಮನಗರದ ರಸ್ತೆಗೆ ಮುಖ ಮಾಡಿ ಬಾರ್ ಅಂಡ್ ರೆಸ್ಟೋರೆಂಟ್ ಕಟ್ಟಿಸಿದ. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಶಿಫ್ಟ್ ಮುಗಿಸಿದ ಗಂಡಸರಿಗೆ ಸಂಜೆ ಕೂರಲು ಒಂದು ಜಾಗ ಬೇಕಿತ್ತು. ಅಲ್ಲಿ ವಿಸ್ಕಿ ಇತ್ತು, ಬೆಂಗಳೂರಿನಿಂದ ಪೀಪಾಯಿಯಲ್ಲಿ ಬರುವ ಬಿಯರ್ ಇತ್ತು, ಅರ್ಧಕ್ಕೆ ಸೀಳಿದ ಡ್ರಮ್ಮಿನ ಕೆಂಡದ ಮೇಲೆ ಸುಡುವ ನಾಟಿಕೋಳಿ ಇತ್ತು. ಬೋರ್ಡಿನಲ್ಲಿ ಬಾರ್ಬೆಕ್ಯೂ ಅಂತ ಬರೆಸಿದ್ದ. ಊರವರು ಕೆಂಡದ ಕೋಳಿ ಅನ್ನುತ್ತಿದ್ದರು.

ಆ ಡ್ರಮ್ಮು ಇಟ್ಟಿದ್ದೆಲ್ಲಿ ಅಂತೀರಿ? ಅಷ್ಟು ದೊಡ್ಡ ಜಾಗದಲ್ಲಿ ಬೇರೆಲ್ಲೂ ಸಿಗದವನಂತೆ, ಅತ್ತಿಗೆಯ ಹುಳುಮನೆಯ ಕಿಟಕಿಗೆ ನೇರವಾಗಿ. ರೇಷ್ಮೆ ಹುಳುವಿಗೆ ಹೊಗೆ ಅಂದರೆ ವಿಷ. ಬೀಡಿ ಸೇದಿದವರನ್ನೂ ಅವಳು ಆ ಬಾಗಿಲೊಳಗೆ ಬಿಟ್ಟವಳಲ್ಲ. ಗಂಡ ಬೋರಲಿಂಗಯ್ಯನೂ ಕೈಕಾಲು ತೊಳೆದೇ ಒಳಗೆ ಬರಬೇಕು.

ಹುಳುಗಳು ಕೊನೆಯ ಪೊರೆ ಕಳಚಿ, ಹೊರೆಗಟ್ಟಲೆ ಸೊಪ್ಪು ತಿನ್ನುತ್ತಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಅಲ್ಲಿಯತನಕ ಹೊಗೆ ತಪ್ಪಿದರೆ ಬೆಳೆ ಉಳಿಯುತ್ತಿತ್ತು. ಅವಳು ನಾಚಿಕೆ ಬಿಟ್ಟು ಬಾರಿನ ಮೆಟ್ಟಿಲು ಹತ್ತಿದಳು.

“ಅನಂತರಾಜ, ಹುಳ ಹಣ್ಣಾಗಗಂಟ ಬೆಂಕಿಯ ಒಸಿ ಆ ಕಡಿಕೆ ಇಟ್ಕಳಪ್ಪ. ಒಂದು ವಾರ ಅಷ್ಟೆ.”

“ಹೊಗೆ ಕಂಡ್ರೇನೇ ಕಣತ್ಗೆ ಗಿರಾಕಿ ಬೈಕ್ ನಿಲ್ಸೋದು.”

“ಹುಳ ಸತ್ತೋಯ್ತವೆ ಕಣೋ.”

“ನಾನೇನು ನಿನ್ನ ಹುಳ ಮುಟ್ಟಿದ್ನಾ? ಹೊಗೆ ಗಾಳಿ ಬೀಸಿದ ಕಡೆ ಹೋಯ್ತದೆ. ಹೋಗು, ಗಾಳಿನೇ ಕೇಳ್ಕೋ.”

ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. ಮೂಲೆಯ ಮೇಜಿನಿಂದ ಅವಳ ಗಂಡನೂ ನಕ್ಕ. ತಮ್ಮ ಅನಂತರಾಜು ಪುಕ್ಕಟೆ ಹಾಕಿಸುವ ಪೆಗ್ಗಿಗೆ ಹಲ್ಲು ಕಿರಿಯುವ ಪ್ರಾಣಿ ಅದು. ಅವಳು ಯಾರ ಮುಖವನ್ನೂ ನೋಡದೆ ಇಳಿದು ಬಂದಳು.

ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದಳು, ಬಾಗಿಲ ಸಂದಿಗೆ ಬಟ್ಟೆ ತುರುಕಿದಳು. ಹೊಗೆ ಕೇಳಬೇಕಲ್ಲ. ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತವು, ಹಸಿರು ನೀರು ಕಾರಿದವು, ಸತ್ತವು. ಬುಟ್ಟಿ ಬುಟ್ಟಿ ಹೊತ್ತು ತಿಪ್ಪೆಗೆ ಸುರಿಯುವಾಗ ಅವಳು ಅತ್ತಳು. ದುಃಖಕ್ಕಲ್ಲ, ಹೊಟ್ಟೆ ಉರಿದು ಅತ್ತಳು.

ಮಾರನೆಯ ಬೆಳಿಗ್ಗೆ ನೋಡಿದರೆ ಅನಂತರಾಜು ಆ ತಿಪ್ಪೆಯ ಮೇಲೆಯೇ ನಿಂತಿದ್ದಾನೆ. ಸತ್ತ ಹುಳುಗಳನ್ನು ಮಂಕರಿಗೆ ತುಂಬಿ, ತನ್ನ ಹಿತ್ತಲ ಜಿಂಕ್ ಶೀಟಿನ ಮೇಲೆ ಒಣಗಲು ಹರವುತ್ತಿದ್ದಾನೆ. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟವನೇ ಅಲ್ಲ ಆಸಾಮಿ.

“ನಿಂಗಂತೂ ದಕ್ಕನಿಲ್ಲ, ನನ್ನ ಕೋಳಿಗಾದ್ರೂ ಆಗ್ಲಿ ಕಣತ್ಗೆ,” ಅಂದ.

ಅವಳು ಖಾಲಿ ಬುಟ್ಟಿ ಎತ್ತಿಕೊಂಡಳು. ಹುಳುಮನೆ ಕಡೆ ಹೊರಟಳು.

ಈ ಮನೆಯಲ್ಲಿ ಹುಳು ತಿಂದ ಕೋಳಿಯನ್ನು ಯಾರೂ ಹಾಗೆಯೇ ಕುಯ್ಯುತ್ತಿರಲಿಲ್ಲ. ಅತ್ತೆ ಅದನ್ನು ಮಂಕರಿ ಮುಚ್ಚಿ, ಬರೀ ರಾಗಿ ಹಾಕಿ, ವಾಸನೆ ಬಿಟ್ಟ ಮೇಲೆಯೇ ಕುಯ್ಯಿಸುತ್ತಿದ್ದಳು. ಇಲ್ಲದಿದ್ದರೆ ಮಾಂಸ ಬೆಂಕಿ ಕಂಡ ಕೂಡಲೇ ಗಬ್ಬೆಂದು ನಾರುತ್ತದೆ. ಹುಳುಮನೆಯಲ್ಲೇ ಹುಟ್ಟಿ ಬೆಳೆದ ಅನಂತರಾಜುವಿಗೆ ಇದು ಗೊತ್ತಿರಬೇಕಿತ್ತು. ಆದರೆ ಅವನು ಎಲೆ ಹಾಕಿದ ಮೇಲೆ ಉಣ್ಣಲು ಬರುತ್ತಿದ್ದವನೇ ಹೊರತು ಹಿತ್ತಲ ಕಡೆ ತಲೆ ಹಾಕಿದವನಲ್ಲ. ದೊಡ್ಡಲಕ್ಷ್ಮಮ್ಮ ತುಟಿ ಪಿಟಕ್ ಅನ್ನಲಿಲ್ಲ. ಕೋಳಿಗಳು ಕುಕ್ಕುವುದನ್ನು ದಿನಾ ಬೇಲಿಯಾಚೆಯಿಂದ ನೋಡಿ ಖುಷಿಪಟ್ಟಳು.

ಹೊಸ ಫ್ಯಾಕ್ಟರಿಯ ಸಾಹೇಬರೆಲ್ಲ ಪಾರ್ಟಿಗೆ ಬಂದ ಸಂಜೆ ಆ ಕೋಳಿಗಳು ಕೆಂಡ ಹತ್ತಿದವು. ಸಾರಾಗಿದ್ದರೆ ಮಸಾಲೆ ಒಂದಿಷ್ಟು ಮುಚ್ಚುತ್ತಿತ್ತೋ ಏನೋ. ಬರೀ ಕೆಂಡದ ಮೇಲೆ ಹುಳುವಿನ ಎಣ್ಣೆ ಇಳಿದು, ಹೆಣ ಸುಟ್ಟಂಥ ನಾತ ಎದ್ದಿತು. ಸಾಹೇಬರು ಗ್ಲಾಸು ಬಿಟ್ಟು ಮೂಗು ಹಿಡಿದು ಕಾರು ಹತ್ತಿದರು. ಬೋರಲಿಂಗಯ್ಯ ಮಾತ್ರ ಪುಕ್ಕಟೆ ಅಂತ ಒಂದು ಕಾಲು ತಿಂದು, ಮನೆ ಬಾಗಿಲಲ್ಲಿ ಕಕ್ಕಿಕೊಂಡ. ಅವಳು ಒಂದು ಚೊಂಬು ನೀರೂ ಕೊಡಲಿಲ್ಲ.

“ಬಚ್ಚಲು ಆ ಕಡಿಕೆ ಐತೆ,” ಅಂದಳು.

ಸುದ್ದಿ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹೋಯಿತು. ಬೈಕುಗಳು ನಿಲ್ಲುವುದು ಬಿಟ್ಟವು, ಡ್ರಮ್ಮು ತಣ್ಣಗಾಯಿತು. ದೊಡ್ಡಲಕ್ಷ್ಮಮ್ಮ ಗೋಣಿಚೀಲ ಬಿಚ್ಚಿ, ಗೋಡೆಗೆ ಸುಣ್ಣ ಬಳಿದು, ಬ್ಲೀಚಿಂಗ್ ಪೌಡರ್ ಹಾಕಿ ಹುಳು ಸಾಕುವ ಬಿದಿರು ತಟ್ಟೆಗಳನ್ನು ಉಜ್ಜಲು ಕೂತಳು. ಹಾಗೆ ಕೂತಿದ್ದಾಗಲೇ ಅನಂತರಾಜು ಬೇಲಿಯ ಹತ್ತಿರ ಬಂದ.

“ಹುಳ ತಿಂದ ಕೋಳಿ ನಾರ್ತದೆ ಅಂತ ನಿಂಗೊತ್ತಿತ್ತು.”

“ಹೂಂ.”

“ಯಾಕೆ ಹೇಳ್ನಿಲ್ಲ?”

“ನಾನೇನು ನಿನ್ನ ಕೋಳಿ ಮುಟ್ಟಿದ್ನಾ?”

ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು. ಅವನು ಕೂಗಾಡುತ್ತಾನೆ ಅಂದುಕೊಂಡು ಅವಳು ಸೆರಗು ಬಿಗಿದಳು. ಅವನು ಕೂಗಾಡಲಿಲ್ಲ.

“ಆಯ್ತು ಬುಡು. ಬಾರ್ ಮುಚ್ದೆ. ಪೇಂಟ್ ಫ್ಯಾಕ್ಟರಿಯೋರಿಗೆ ಜಾಗ ಕೊಟ್ಬುಟ್ಟೆ. ಅವರ ಚಿಮಣಿ ಹಗಲೂ ರಾತ್ರಿ ಉರೀತದಂತೆ. ಹೋಗಿ ಕೇಳ್ಕೋ, ಒಂದು ವಾರ ಒಸಿ ಆ ಕಡಿಕೆ ಇಟ್ಕಳಿ ಅಂತ.”

ಅಷ್ಟು ಹೇಳಿ ಹೋದ. ದೊಡ್ಡಲಕ್ಷ್ಮಮ್ಮ ಬಿಸಿಲಿಗೆ ಸಾಲಾಗಿ ಒರಗಿಸಿಟ್ಟ ತಟ್ಟೆಗಳನ್ನೇ ನೋಡುತ್ತ ಕೂತಳು. ಹೊಸ ಬೆಳೆಗೆ ರೇಷ್ಮೆ ಹುಳುವಿನ ಮೊಟ್ಟೆ ತರಲು ಗಂಡನನ್ನು ಬೆಳಿಗ್ಗೆಯೇ ಕಳಿಸಿಯಾಗಿತ್ತು.