ಒತ್ತು ಡಾಕ್ಟರ ಚಿನ್ನದ ಪುಡಿ

ಎದುರಿಗಿದ್ದವರು ಬಾಯಿ ತೆರೆದುಕೊಂಡು ಒರಗಿದ್ದರೆ ಮಾತ್ರ ನಮ್ಮ ಹಲ್ಲಿನ ಡಾಕ್ಟರಿಗೆ ಮಾತು ಬರುತ್ತಿತ್ತು. ಬಾಯಿ ಮುಚ್ಚಿಕೊಂಡು, ತಿರುಗಿ ಉತ್ತರ ಕೊಡಬಲ್ಲ ಸ್ಥಿತಿಯಲ್ಲಿ ಯಾರಾದರೂ ಮುಂದೆ ನಿಂತರೆಂದರೆ, ಹೆಂಡತಿಯಿರಲಿ, ಮಗಳಿರಲಿ, ಕರೆಂಟಿನ ಬಿಲ್ಲು ಕೊಡಲು ಬಂದವನಿರಲಿ, ನಮ್ಮ ಡಾಕ್ಟರ ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು. ಆದರೆ ದವಾಖಾನೆಯ ಕುರ್ಚಿಯಲ್ಲಿ ಮಲಗಿದ ರೋಗಿಯ ಕೆನ್ನೆಯೊಳಗೆ ಹತ್ತಿಯ ಉರುಳೆ ತುರುಕಿದ್ದೇ ತಡ, ಲೋಕಾಭಿರಾಮ ಆರಂಭವಾಗುತ್ತಿತ್ತು: ಮೋಡದ ವಿಚಾರ, ಹಿತ್ತಲ ಬೆಕ್ಕಿನ ಸಂಸಾರದ ವಿಚಾರ, ಬಾಗಿಲು ಯಾಕೆ ಕಿರುಗುಟ್ಟುತ್ತದೆ ಎಂಬ ವಿಚಾರ. ರೋಗಿ ಪ್ರಾಣಸಂಕಟದಲ್ಲಿ 'ಆಂ ಆಂ' ಎಂದರೆ ಅದನ್ನೇ ಸಮ್ಮತಿಯೆಂದು ಸ್ವೀಕರಿಸಿ ಮುಂದುವರಿಯುತ್ತಿದ್ದರು. ನಡುನಡುವೆ ಒಂದು ಪಲ್ಲವಿ: "ಸ್ವಲ್ಪ ಒತ್ತುತ್ತೆ, ಅಷ್ಟೆ." ಸೂಜಿ ಚುಚ್ಚುವಾಗಲೂ ಅದೇ, ಬೇರುಸಮೇತ ಹಲ್ಲು ಕೀಳುವಾಗಲೂ ಅದೇ. ಹಾಗಾಗಿ ಊರಿಗೆಲ್ಲ ಅವರು ಒತ್ತು ಡಾಕ್ಟರು. ನನ್ನದೊಂದು ದವಡೆಹಲ್ಲೂ ಆ ಪಲ್ಲವಿಗೆ ಬಲಿಯಾಗಿದೆ. ಒತ್ತಿದ್ದು ಸ್ವಲ್ಪವೇನೂ ಅಲ್ಲ.

ಮಗಳು ಹಲ್ಲಿನ ವೈದ್ಯೆಯಾಗಿ ಬಂದು ಕುರ್ಚಿಯ ಒಡೆತನ ವಹಿಸಿಕೊಂಡ ಮೇಲೆ ಡಾಕ್ಟರು ನಿವೃತ್ತರಾದರು. ನಿವೃತ್ತರಾದದ್ದು ಹೆಸರಿಗೆ. ದವಾಖಾನೆಯ ಹಿಂದಿನ ಕೋಣೆಯಲ್ಲಿ ಒಂದು ಉದ್ದನೆಯ ಮೇಜು ಹಾಕಿಸಿಕೊಂಡು, ಹಳೆಯ ಬಿಳಿಯ ಕೋಟನ್ನೇ ತೊಟ್ಟು, ರೋಗಿಗಳ ಜಾಗದಲ್ಲಿ ಕಾಗದವನ್ನು ಮಲಗಿಸಿಕೊಂಡರು. ಕಾಗದದ ಮೇಲೆ ಅಚ್ಚೊತ್ತುವುದು, ಶಾಯಿ ತೀಡುವುದು, ಒರಟು ನುಣುಪುಗಳನ್ನು ಒಂದರ ಮೇಲೊಂದು ಅಂಟಿಸಿ ಶುಭಾಶಯದ ಕಾರ್ಡುಗಳನ್ನು ಮಾಡುವುದು ಅವರ ಹೊಸ ವೃತ್ತಿ. ಉಪಕರಣಗಳು ಮಾತ್ರ ಹಳೆಯವೇ. ಹಲ್ಲಿನ ಸಂದು ಕೆದಕುವ ಸಣ್ಣ ಕೊಕ್ಕೆಯಿಂದ ರಬ್ಬರಿನ ಮೇಲೆ ಎಲೆಯ ನರಗಳನ್ನು ಕೊರೆಯುತ್ತಿದ್ದರು. ದವಡೆಯ ಅಚ್ಚು ತೆಗೆಯುವ ಪ್ಲಾಸ್ಟರನ್ನು ಅಂಟಿನಲ್ಲಿ ಕಲಸಿ ಕಾಗದಕ್ಕೆ ಬಳಿದು, ಅದು ಹಸಿಯಿರುವಾಗಲೇ ಬ್ಯಾಂಡೇಜಿನ ಬಟ್ಟೆ ಒತ್ತಿ ತೆಗೆದರೆ ನೇಯ್ಗೆಯ ಗುರುತು ಮೂಡುತ್ತಿತ್ತು. ಬಾಚಣಿಗೆ ಎಳೆದರೆ ಉತ್ತ ಹೊಲ, ಬೆರಳು ಕುಟ್ಟಿದರೆ ಹಳೆಯ ಗೋಡೆ. ಕೋಟಿನ ಜೇಬುಗಳಲ್ಲಿ ನೀಲಿ, ಕಂದು, ಹಸಿರು ಇಂಕಿನ ಕಲೆಗಳು ಹರಡಿ, ಅದು ಬಿಳಿಯ ಕೋಟೆಂದು ಹೇಳಲು ಸಾಕ್ಷಿ ಬೇಕಾಗುವ ಸ್ಥಿತಿಗೆ ಬಂದಿತ್ತು. ವರ್ಷಾನುಗಟ್ಟಲೆ ರೋಗಿಗಳ ಬಾಯಿಯ ಮೇಲೆ ಬಾಗಿ ಬಾಗಿ ಬಲಭುಜ ಇಳಿದುಹೋಗಿತ್ತು. ರಸ್ತೆಯಲ್ಲಿ ನಡೆಯುವಾಗಲೂ ಯಾವುದೋ ಕಾಣದ ದವಡೆಯೊಳಗೆ ಇಣುಕುತ್ತಿರುವವರಂತೆ ಒಂದೇ ಪಕ್ಕಕ್ಕೆ ವಾಲಿಕೊಂಡು ಹೋಗುತ್ತಿದ್ದರು.

ಅವರ ಕಾರ್ಡುಗಳ ಒಂದು ಚಮತ್ಕಾರವೆಂದರೆ ಒಳಗೆ ಅಕ್ಷರವೇ ಇರುತ್ತಿರಲಿಲ್ಲ. ಹುಟ್ಟುಹಬ್ಬವಾಗಲಿ, ಗೃಹಪ್ರವೇಶವಾಗಲಿ, ಹೊರಗೆ ಮಾತ್ರ ವೈಭವ; ಬಿಡಿಸಿದರೆ ಒಳಗೆ ಬಟ್ಟಬಯಲು. ಎರಡು ಸಾಲು ಬರೆದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಹೆಂಡತಿ ಕೇಳಿ ಕೇಳಿ ಸೋತಿದ್ದರು. ಡಾಕ್ಟರು ತಲೆ ಕೆರೆದುಕೊಂಡು ಮೇಜಿನತ್ತ ಜಾರುತ್ತಿದ್ದರು. ಕೆಲಸದಲ್ಲಿ ಮಾತ್ರ ಶಸ್ತ್ರಚಿಕಿತ್ಸೆಯ ಕಟ್ಟುನಿಟ್ಟು. ಚಿನ್ನದ ಬಣ್ಣದ ಪುಡಿಯ ಕೆಲಸವಿದ್ದ ದಿನವಂತೂ ಕೋಣೆಗೆ ಯಾರೂ ಕಾಲಿಡುವಂತಿರಲಿಲ್ಲ. ಬೇಗ ಒಣಗದ ಅಂಟುಶಾಯಿಯಲ್ಲಿ ಅಚ್ಚೊತ್ತಿ, ಮೇಲೆ ಆ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ, ಬಿಸಿಗಾಳಿಯ ಯಂತ್ರ ಹಿಡಿದರೆ ಪುಡಿ ಕರಗಿ ಉಬ್ಬಿ ಹೊಳೆಯುತ್ತದೆ. ಒಮ್ಮೆ ಕರಗಿತೆಂದರೆ ಕಾಗದ ಹರಿದರೂ ಅದು ಬಿಡುವುದಿಲ್ಲ. ಕರಗುವ ಮುನ್ನ ಮಾತ್ರ ಅದು ಮಾಸಲು ಧೂಳು, ಎಲ್ಲಿ ಕೂತಿದೆಯೆಂದು ಕಾಣುವುದಿಲ್ಲ, ಬೆರಳಿನ ಬೆವರು ಸೋಕಿದ ಕಡೆಯೆಲ್ಲ ಕೂತಿರುತ್ತದೆ. ಅದಕ್ಕೇ ಡಾಕ್ಟರು ಪ್ರತಿಯೊಂದು ಹಾಳೆಗೂ ಮೊದಲು ತೇವ ಹೀರುವ ಪೌಡರು ಕಟ್ಟಿದ ಬಟ್ಟೆಯ ಪುಟ್ಟ ಗಂಟು ಸವರಿ, ಮೇಜನ್ನು ಎರಡು ಸಲ ಒರೆಸಿ, ಆಮೇಲೆ ಅಚ್ಚಿಗೆ ಕೈ ಹಾಕುತ್ತಿದ್ದರು. ಒತ್ತುವ ಮುಂಚೆ ಕಾಗದಕ್ಕೂ ಒಂದು ಸಮಾಧಾನ ಹೇಳುವುದಿತ್ತು. ಯಾವ ಸಮಾಧಾನವೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಮೂಕಬಸವನಿಗೆ ಮಾತಿನ ಮಲ್ಲನಂಥ ಒಬ್ಬ ಅಣ್ಣ. ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿ ಕೂರಲಾರದೆ, ಸಂಜೆಯಾದರೆ ದವಾಖಾನೆಗೆ ಬಂದು, ರೋಗಿಗಳು ಕಾಯುವ ಹಜಾರದ ಬೆತ್ತದ ಕುರ್ಚಿಯಲ್ಲಿ ವಿರಾಜಮಾನರಾಗುತ್ತಿದ್ದರು. ಅವರ ಹಲ್ಲುಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಬರುತ್ತಿದ್ದದ್ದು ಪುಕ್ಕಟೆ ಪತ್ರಿಕೆ ಓದುವುದಕ್ಕೆ, ಮತ್ತೆ ತಮ್ಮ ಹೇಗೆ ಹಲ್ಲು ಕೀಳುತ್ತಿದ್ದನೆಂಬುದನ್ನು ಅಭಿನಯಿಸಿ ತೋರಿಸಿ ರೋಗಿಗಳ ಅರ್ಧಜೀವ ಹಾರಿಸುವುದಕ್ಕೆ. ಮಕ್ಕಳಿಲ್ಲದ ಆ ಅಣ್ಣ ಅತ್ತಿಗೆಯರಿಗೆ ಡಾಕ್ಟರ ಮಗಳೇ ಮಗಳು. ದೊಡ್ಡಪ್ಪನ ಹೆಗಲು ಬಿಟ್ಟು ಇಳಿಯದ ಹುಡುಗಿ, ಈಗ ಮದುವೆ ನಿಶ್ಚಯವಾಗಿದ್ದರೂ, ಯಾವ ಸೀರೆ ಎಂಬುದನ್ನೂ ಅವರನ್ನೇ ಕೇಳುತ್ತಿದ್ದಳು. ಮದುವೆಯ ಕರೆಯೋಲೆಗಳನ್ನು ತಾವೇ ಕೈಯಾರೆ ಮಾಡುವುದಾಗಿ ಡಾಕ್ಟರು ಹಟ ಹಿಡಿದಿದ್ದರು. ಮೇಜಿನ ತುಂಬ ಚಿನ್ನದ ಬಳ್ಳಿಗಳು ಮೊಳೆಯುತ್ತಿದ್ದವು.

ಆ ಹೊತ್ತಿನಲ್ಲಿ ಅಣ್ಣ ತೀರಿಕೊಂಡರು. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಬೆಳಿಗ್ಗೆ ಶೂ ಕಟ್ಟಿಕೊಳ್ಳಲು ಬಾಗಿದವರು ಏಳಲಿಲ್ಲ.

ಸಾವಿನ ಮನೆಯಲ್ಲಿ ಡಾಕ್ಟರು ಕುರ್ಚಿ ಸಾಗಿಸಿದರು, ವಾಹನ ಗೊತ್ತುಮಾಡಿದರು, ಬಂದವರಿಗೆ ನೀರು ಕೊಡಿಸಿದರು, ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದರು. ಅತ್ತಿಗೆಯ ಬಳಿ ಹೋಗಿ ಒಂದು ಮಾತಾಡಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಜನರ ಬಾಯಿಗೆ ಬೀಗ ಹಾಕುವವರು ಯಾರು? ಸೋದರತ್ತೆ ಎಂಬ ಮುದುಕಿಯೊಬ್ಬರಿದ್ದರು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ, ಮಾತು ಮಾತ್ರ ಚೆನ್ನಾಗಿ ಕಚ್ಚುತ್ತಿತ್ತು. ಮಗಳ ಮದುವೆ ಎಲ್ಲಿ ಮುಂದಕ್ಕೆ ಹೋಗುತ್ತದೋ ಎಂಬ ಯೋಚನೆಯಲ್ಲಿ ಇವನಿಗೆ ಅಣ್ಣನಿಗಾಗಿ ಅಳಲು ಪುರುಸೊತ್ತಿಲ್ಲ ಎಂದು ಅವರು ಸಾರಿದರು. ಅತ್ತ ಗಂಡಿನ ಮನೆಯವರು ದಿನ ಬದಲಾಯಿಸಬೇಕೇ ಎಂದು ಸಂಕೋಚದಿಂದ ವಿಚಾರಿಸುತ್ತಿದ್ದರು. ಅತ್ತಿಗೆ ಒಂದು ಮಾತು ಹೇಳದೆ ಏನನ್ನೂ ನಿರ್ಧರಿಸುವಂತಿರಲಿಲ್ಲ, ಅತ್ತಿಗೆಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಲ್ಲರೂ ಚದುರಿದ ಮೇಲೆ ಡಾಕ್ಟರು ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಬಾಯಲ್ಲಿ ಬಾರದ್ದನ್ನು ಅತ್ತಿಗೆಗೆ ಹೇಳುವ ದಾರಿ ಅವರಿಗೆ ತಿಳಿದದ್ದು ಅದೊಂದೇ. ರಬ್ಬರಿನಲ್ಲಿ ಆ ಬೆತ್ತದ ಕುರ್ಚಿಯನ್ನು ಕೊರೆದರು. ಒಂದು ಕೈ ಸವೆದದ್ದು, ಮುಂಗಾಲು ಸ್ವಲ್ಪ ಗಿಡ್ಡವಾದದ್ದು, ಒಂದನ್ನೂ ಬಿಡಲಿಲ್ಲ. ಕುರ್ಚಿಯ ಹೆಣಿಗೆ ಬರುವ ಕಡೆ ಕಾಗದಕ್ಕೆ ಪ್ಲಾಸ್ಟರು ಬಳಿದು ಬ್ಯಾಂಡೇಜಿನ ಬಟ್ಟೆ ಒತ್ತಿದರು. ಕಪ್ಪು ಶಾಯಿಯಲ್ಲಿ ಅಚ್ಚೊತ್ತಿ, ತಮ್ಮಲ್ಲಿ ಉಳಿಯಲೆಂದು ಯಾವಾಗಲೂ ಮಾಡುವಂತೆ ಇನ್ನೊಂದು ಪ್ರತಿಯನ್ನೂ ತೆಗೆದು, ಎರಡನ್ನೂ ಬಿಸಿಗಾಳಿ ಹಿಡಿದು ಒಣಗಿಸಿ, ಒಂದನ್ನು ಲಕೋಟೆಗೆ ಸೇರಿಸಿದರು. ಆ ಕೆಲಸದ ಉದ್ದಕ್ಕೂ ಕನ್ನಡಕ ಪಕ್ಕದಲ್ಲಿ ಮಡಚಿ ಇಟ್ಟಿತ್ತು. ಬೆಳಿಗ್ಗೆ ಹೆಂಡತಿ ಅತ್ತಿಗೆಯ ಮನೆಗೆ ಹೊರಟಾಗ ಲಕೋಟೆಯನ್ನು ಅವರ ಕೈಗಿತ್ತರು.

ಆಮೇಲೆ ಕನ್ನಡಕ ಏರಿಸಿ, ಉಳಿಸಿಕೊಂಡ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಖಾಲಿ ಕುರ್ಚಿಯ ಹೆಣಿಗೆಯ ಮೇಲೆ, ಅಣ್ಣ ಕೂರುತ್ತಿದ್ದ ಜಾಗದಲ್ಲೇ, ಚಿನ್ನದ ಚುಕ್ಕಿಗಳು ಮಿನುಗುತ್ತಿದ್ದವು. ಮೇಜಿನ ಮೇಲಿದ್ದ ಕರೆಯೋಲೆಯ ಪುಡಿ. ಮೇಜು ಒರೆಸಿರಲಿಲ್ಲ, ಹಾಳೆಗೆ ಪೌಡರಿನ ಗಂಟು ಸವರಿರಲಿಲ್ಲ. ಒಣಗಿಸಲು ಹಿಡಿದ ಬಿಸಿಗಾಳಿಗೆ ಅದು ಕರಗಿ, ಕಾಗದದ ಪಾಲಿಗೆ ಶಾಶ್ವತವಾಗಿತ್ತು. ಇಲ್ಲಿ ಹೀಗಿದ್ದರೆ ಅಲ್ಲಿ ಹೋಗಿರುವುದರಲ್ಲಿ ಇನ್ನೆಷ್ಟಿದೆಯೋ ಎಂದು, ಹೆಂಡತಿಯ ದಾರಿ ಕಾಯುತ್ತ ಬಾಗಿಲಲ್ಲೇ ನಿಂತರು.

ಹೆಂಡತಿ ಮರಳಿ ಬಂದಾಗ ಸುದ್ದಿಯೂ ಬಂತು. ಅತ್ತಿಗೆ ಲಕೋಟೆ ಬಿಚ್ಚಿದಾಗ ಸೋದರತ್ತೆ ಹೆಗಲ ಮೇಲಿಂದ ಇಣುಕಿ, ಮದುವೆ ನಿಲ್ಲುವುದಿಲ್ಲವೆಂದು ನಿನ್ನ ಮೈದುನ ಚಿನ್ನದಲ್ಲೇ ಬರೆದು ಕಳಿಸಿದ್ದಾನೆ ನೋಡು ಎಂದಿದ್ದರು. ಅತ್ತಿಗೆ ಕಾರ್ಡು ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದರು. ಗಾಯದ ಮೇಲೆ ಬರೆ ಎಂದರೆ ಇದೇ. ಪುಡಿ ಮೆತ್ತಿಕೊಂಡ ಬಗೆಯನ್ನು ಡಾಕ್ಟರು ತಡವರಿಸುತ್ತ ಹೇಳಿದ್ದನ್ನು ಕೇಳಿದ ಹೆಂಡತಿ ಉಪಾಯ ಹೇಳಿಕೊಟ್ಟರು. "ಬೇಕೂಂತಲೇ ಹಾಕಿದೆ ಅನ್ನಿ. ಅಣ್ಣ ಕೂತ ಜಾಗ ನನಗೆ ಚಿನ್ನ ಅಂತ ಹೇಳಿಬಿಡಿ. ಅಷ್ಟು ಸಾಕು."

ಸೊಗಸಾದ ಸುಳ್ಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥದ್ದು. ಡಾಕ್ಟರು ಕೋಟನ್ನೂ ಬಿಚ್ಚದೆ ಹೊರಟರು. ದಾರಿಯುದ್ದಕ್ಕೂ, ಇನ್ನೂ ತೆರೆಯದ ಅಂಗಡಿಗಳ ಮುಂದೆ, ವಾಲಿಕೊಂಡು ನಡೆಯುತ್ತ ಆ ವಾಕ್ಯವನ್ನು ಪಾಠದ ಹಾಗೆ ಗಟ್ಟಿಮಾಡಿಕೊಂಡರು. ಅತ್ತಿಗೆಯ ಬಾಗಿಲು ಇಂದು ಮುಚ್ಚಿದರೆ ಅಣ್ಣನೂ ಹೋದ, ಅಣ್ಣನ ಮನೆಯೂ ಹೋಯಿತು ಎಂದು ಅವರಿಗೆ ಗೊತ್ತಿತ್ತು. ಸೋದರತ್ತೆಯನ್ನು ದಾಟಿ ಒಳಕೋಣೆಗೆ ಹೋದಾಗ, ಅತ್ತಿಗೆ ಕಿಟಕಿಯ ಪಕ್ಕ ಕೂತು ಕಾರ್ಡಿನ ಮೇಲಿನ ಒಂದು ಚುಕ್ಕಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಮದುವೆಯಾಗಿ ಬಂದಾಗ ಚಡ್ಡಿ ಹಾಕುತ್ತಿದ್ದ ಈ ಮೈದುನನನ್ನು ಅವರು ಏಕವಚನ ಬಿಟ್ಟು ಕರೆದವರಲ್ಲ.

"ಇದು ಬೇಕೂಂತ ಹಾಕಿದ್ದೇನಪ್ಪಾ?"

ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅತ್ತಿಗೆಯ ಮುಖ ನೋಡಿದರು, ಅದು ಅಲ್ಲೇ ಸತ್ತಿತು.

"ಇಲ್ಲ ಅತ್ತಿಗೆ. ಮದುವೆ ಕಾಗದದ ಪುಡಿ ಅದು. ಮೇಜು ಒರೆಸೋದು ಮರೆತೆ. ಕನ್ನಡಕ ತೆಗೆದಿಟ್ಟಿದ್ದೆ, ಕಾಣಿಸ್ಲಿಲ್ಲ."

"ಕನ್ನಡಕ ಯಾಕೆ ತೆಗೆದಿಟ್ಟೆ?"

ಡಾಕ್ಟರು ಬಾಯಿ ತೆರೆದರು. ಅವರ ಕುರ್ಚಿಯಲ್ಲಿ ಕೂತ ನೂರಾರು ಜನರ ಹಾಗೆ ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಗಾಜಿನ ಮೇಲೆ ನೀರು ತುಂಬಿ, ಒರೆಸಿದಷ್ಟೂ ತುಂಬಿ, ಕೊನೆಗೆ ತೆಗೆದು ಬದಿಗಿಟ್ಟೆ ಎಂದು ಹೇಳಬೇಕಿತ್ತು. ಹೇಳುವ ಬದಲು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಇಳಿದುಹೋದ ಆ ಭುಜ ಕುಲುಕುವಂತೆ ಅತ್ತುಬಿಟ್ಟರು. ಅಳು ಬಾರದವರು ಅಳುವಾಗ ನೋಡಲು ಚೆನ್ನಾಗಿರುವುದಿಲ್ಲ. ಅತ್ತಿಗೆ ನೋಡುತ್ತಲೇ ಕೂತಿದ್ದು, ತಡೆಯದೆ, ಸಮಾಧಾನ ಹೇಳದೆ, ಅದು ತಾನಾಗಿ ತಗ್ಗುವವರೆಗೆ ಕಾದರು.

"ಅವತ್ತಿಂದ ನಿನ್ನನ್ನೇ ನೋಡ್ತಿದ್ದೆ," ಎಂದರು ಆಮೇಲೆ. "ಈ ಮನೇಲಿ ಅವರಿಗೋಸ್ಕರ ಎದೆ ಒಡ್ಕೊಂಡವಳು ನಾನೊಬ್ಬಳೇ ಅಂದ್ಕೊಂಡಿದ್ದೆ."

ಇನ್ನೊಂದು ಕಾರ್ಡನ್ನು ಚೊಕ್ಕಟವಾಗಿ ಮಾಡಿ ತರುವುದಾಗಿ ಡಾಕ್ಟರು ತೊದಲುತ್ತ ಕೈ ಚಾಚಿದರು. ಅತ್ತಿಗೆ ಕಾರ್ಡನ್ನು ಹಿಂದಕ್ಕೆಳೆದುಕೊಂಡು, ಚೊಕ್ಕಟವಾದದ್ದು ತನಗೆ ಬೇಡವೆಂದರು. ಅನಂತರ ಸೋದರತ್ತೆಗೂ ಕೇಳುವಷ್ಟು ಗಟ್ಟಿಯಾಗಿ, ಮದುವೆ ಗೊತ್ತಾದ ದಿನವೇ ನಡೆಯಲಿ, ತಾನು ಮುಂದೆ ನಿಂತು ನಡೆಸುತ್ತೇನೆ, ಹುಡುಗಿಯ ದೊಡ್ಡಪ್ಪ ಅದಕ್ಕೆಂದೇ ಹೊಲಿಯಲು ಹಾಕಿದ ಕೋಟು ಇನ್ನೂ ದರ್ಜಿಯ ಹತ್ತಿರವೇ ಇದೆ, ಹೋಗಿ ತಂದು ಅದನ್ನೇ ತೊಟ್ಟುಕೊ, ಈ ಶಾಯಿ ಮೆತ್ತಿದ ಚಿಂದಿಯಲ್ಲಿ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ ಎಂದರು. ಹೊರಗೆ ಸೋದರತ್ತೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

ಇಂಥವರು ಪ್ರತಿ ಮನೆತನದಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಸಾವಿನ ಮನೆಯಲ್ಲಿ ಚಪ್ಪಲಿ ಜೋಡಿಸುವವರು, ಮದುವೆಯ ಮನೆಯಲ್ಲಿ ದೀಪದ ತಂತಿ ಎಳೆಯುವವರು. ಮಾತಿನಲ್ಲಿ ಬದುಕುವ ನಾವು ಅವರನ್ನು ಒಂದು ಸಲ ನೋಡಿ ಕಲ್ಲೆಂದು ತೀರ್ಮಾನಿಸಿ ಮುಂದೆ ಹೋಗುತ್ತೇವೆ. ಅವರ ಅಂತಃಕರಣವೆಲ್ಲ ಕೈಗೆ ಇಳಿದಿರುತ್ತದೆ, ಮತ್ತು ಕೈ ಪಳಗಿದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ; ಅಚ್ಚುಕಟ್ಟಾದ ಕೆಲಸದಲ್ಲಿ ನಮಗೆ ಕಾಣುವುದು ಕಸುಬು ಮಾತ್ರ. ಎಂದೋ ಒಂದು ದಿನ ಆ ಕೈ ತಪ್ಪುತ್ತದೆ. ತಪ್ಪನ್ನು ಎತ್ತಿ ತೋರಿಸಲು ಹತ್ತು ಜನ ಸಿಗುತ್ತಾರೆ. ಕೈ ಯಾಕೆ ತಪ್ಪಿತು ಎಂದು ಕೇಳುವವರು ಒಬ್ಬರು ಸಿಕ್ಕಿದರೂ ಸಾಕು, ಅಂಥವರ ಬದುಕು ಒಂಟಿಯಾಗಿ ಮುಗಿಯುವುದಿಲ್ಲ.