ಐತವಾರದ ಹಾದಿ

ಹೆಸರಿಗೆ ಅಧ್ಯಕ್ಷೆ ರತ್ನಾಬಾಯಿ, ಕುರ್ಚಿ ಮ್ಯಾಲ ಕೂಡಾಂವ ಆಕಿ ಗಂಡ ದೇವಿಂದ್ರಪ್ಪ. ಭಂಕೂರದ ಆಚಿಗಿರೋ ಆ ಊರಿನ ಪಂಚಾಯ್ತಿಗೆ ಒಮ್ಮೆ ಹೋದವರಿಗೆಲ್ಲ ಇದು ಗೊತ್ತು. ಆರಿಸಿ ಬಂದು ಎರಡು ವರ್ಷ ಆಗಿತ್ತು. ರತ್ನಾಬಾಯಿ ಗೋಡಿ ಬದಿ ಬೆಂಚಿನ ಮ್ಯಾಲ ಸೆರಗು ಹೊತ್ತು ಕೂತು, ಗಂಡ ಬೆರಳಿಟ್ಟಲ್ಲಿ ಸಹಿ ಮಾಡಿ, ಮನಿಗೆ ಬಂದು ರೊಟ್ಟಿ ಬಡೀತಿದ್ದಳು. ಪಾಪ ಅನ್ನಬ್ಯಾಡ್ರಿ ಮತ್ತ. ಆಕಿ ಬಾಯಿ ಮುಚ್ಚಿದ್ದಳು ಖರೇ, ಕಣ್ಣು ಮುಚ್ಚಿರಲಿಲ್ಲ.

ಮೂರು ವರ್ಷದ ಹಿಂದ ಊರಾಚೆ ಹಳೇ ಕಲ್ಲಿನ ಖಣಿ ಹತ್ರ ಸರ್ಕಾರದವರು ಬಾಲಮಂದಿರ ಕಟ್ಟಿದ್ರು. ತಪ್ಪು ಮಾಡಿ ಸಿಕ್ಕಿಬಿದ್ದ, ಇನ್ನೂ ಹದಿನೆಂಟು ತುಂಬದ ಹುಡುಗರನ್ನ ಅಲ್ಲಿ ಇಡ್ತಾರ. ಊರವರ ಬಾಯಾಗ ಅದು ‘ಹುಡುಗರ ಜೈಲು’. ಐತವಾರಕ್ಕೊಮ್ಮೆ ಆ ಹುಡುಗರ ತಾಯಂದಿರು ವಾಡಿ, ಚಿತ್ತಾಪುರ, ಚಿಂಚೋಳಿ ಕಡಿಂದ ಬಂದು ಬಸ್ಸಿಳಿದು, ಊರ ನಡುವಿನ ಓಣಿ ಹಿಡಿದು, ದೇವಿಂದ್ರಪ್ಪನ ಹೊಲದ ಬದುವಿನ ಮ್ಯಾಲ ನಡೆದು ಅಲ್ಲಿಗೆ ಹೋಗ್ತಿದ್ರು. ಹೋದ ತಿಂಗಳು ಯಾರದೋ ಹೊಲದಾಗಿನ ಪಂಪು ಕಳುವಾತು. ಒಳಗ ಬೀಗ ಹಾಕಿಟ್ಟ ಹುಡುಗರು ಪಂಪು ಹ್ಯಾಂಗ ಕದ್ದಾರು ಅಂತ ಒಬ್ಬರೂ ಕೇಳಲಿಲ್ಲ. ಹಾದಿಗೆ ಅಡ್ಡ ಫರಸಿ ಕಲ್ಲು ನಿಲ್ಲಿಸಿ ಬಂದ್ ಮಾಡಬೇಕು, ಬರೋರು ಖಣಿ ಸುತ್ತು ಹಾಕಿ ಬರಲಿ ಅಂತ ಗುಲ್ಲೆದ್ದಿತು. ಎಲ್ಲಾರಿಗಿಂತ ಜೋರಾಗಿ ಒದರಿದವ ನಮ್ಮ ದೇವಿಂದ್ರಪ್ಪನೇ.

ಖಣಿ ಸುತ್ತು ಅಂದ್ರ ಮೂರು ಕಿಲೋಮೀಟರು, ಕಾಲಿಟ್ಟಲ್ಲೆಲ್ಲ ಕಲ್ಲಿನ ಚೂರು. ರತ್ನಾಬಾಯಿಗೆ ಮೊದಲು ನೆನಪಾದದ್ದು ಅಖ್ತರ ಬೇಗಂ. ವಾಡಿಯ ಕ್ವಾರ್ಟರ್ಸಿನಾಗ ಮನಿಗೆಲಸ ಮಾಡೋ ಈ ಹೆಣ್ಣುಮಗಳ ಒಬ್ಬನೇ ಮಗ ಮೆಹತಾಬ್ ಆ ಬಾಲಮಂದಿರದಾಗ ಇದ್ದ. ಆಕಿಗೋ ಮೊಳಕಾಲು ಬಾತು ಬಿಟ್ಟಿತ್ತು. ದೇವಿಂದ್ರಪ್ಪ ಮೋಟರ್ ಸೈಕಲ್ ಗಾಡಿ ತಗೊಂಡು ಶಹಾಬಾದಿಗೆ ಹೋದ ಹೊತ್ತಿನಾಗ ಹಿತ್ತಲ ಬಾಗಿಲಿಗೆ ಬಂದು ಕೂತು, ನೀರು ಕುಡಿದು, ಮಗನ ಸುದ್ದಿ ಹೇಳಿ ಹೋಗ್ತಿದ್ದಳು. ಒಂದೊಂದು ಐತವಾರ ಬಸ್ಸಿಳಿದು ಬರಲಿಕ್ಕೆ ಆಕಿಗೆ ತಾಸು ಹಿಡೀತಿತ್ತು. ಒಂದೊಂದು ಐತವಾರ ಹತ್ತೇ ಮಿನಿಟಿಗೆ ಬಂದಿರ್ತಿದ್ದಳು. “ಇವತ್ತ ಭಾಳ ಜಲ್ದಿ ಬಂದ್ರಲ್ಲಕ್ಕಾ” ಅಂದ್ರ ನಕ್ಕು, “ಮೊಳಕಾಲಿಗೆ ಇವತ್ತ ದಯಾ ಬಂತು ಬೇಟಾ” ಅಂತಿದ್ದಳು. ಹಾದಿ ಬಂದಾದ್ರ ಈಕಿ ಮಗನ ಮಾರಿ ನೋಡೂದು ಅಲ್ಲಿಗೆ ಮುಗೀತು. ಅದನ್ನ ಬಂದ್ ಮಾಡೋ ಠರಾವಿನ ಕೆಳಗ ಬೀಳೂದು ತನ್ನದೇ ಸಹಿ. ಇದು ರತ್ನಾಬಾಯಿ ಎದಿಯಾಗ ಮುಳ್ಳಿನಂಗ ಕೂತಿತ್ತು.

ಸಭೆ ದಿನ ಸೇಡಂನಿಂದ ವೃಂದಾ ಅನ್ನೋ ಮೇಡಮ್ ಬಂದಿದ್ದಳು. ಊರಿನ ಐದು ವರ್ಷದ ಯೋಜನೆ ಬರೀಲಿಕ್ಕೆ ಸಹಾಯ ಮಾಡಾಕ ಬಂದಾಕಿ. ದೇವಿಂದ್ರಪ್ಪ ಕುರ್ಚಿಯಿಂದಲೇ ಹೇಳಿದ, “ಯೋಜನೆ ಆಮ್ಯಾಲ ಮೇಡಮ್. ಮೊದಲು ಹಾದಿ ಬಂದ್ ಮಾಡೋ ಠರಾವು ಆಗಲಿ.”

“ಯಾವ ಹಾದಿರಿ? ನಾ ಈ ಊರಿಗೆ ಹೊಸಬಳು,” ಅಂದಳು ವೃಂದಾ. “ನಕ್ಷಾದಾಗ ಜರಾ ತೋರಸ್ರಿ, ಆಮ್ಯಾಲ ಬಂದ್ ಮಾಡೂಣು. ನಕ್ಷಾ ಸಾಲಿ ಅಂಗಳದಾಗ ರಂಗೋಲಿಲೆ ಬರೀಬೇಕು. ಗಂಡಸರು ಕಟ್ಟಿ ಮ್ಯಾಲ ಕುಂದ್ರಿ, ಹೆಣ್ಣುಮಕ್ಕಳು ಬರೀಲಿ.”

ಗಂಡಸರು ಮಾರಿ ಮಾರಿ ನೋಡಿಕೊಂಡ್ರು. ರಂಗೋಲಿ ಅಂದಮ್ಯಾಲ ಏನು ಅಡ್ಡ ಮಾತಾಡ್ತಾರ? ಹೋಗಿ ಕಟ್ಟಿ ಮ್ಯಾಲ ಕೂತ್ರು.

ಗುಡಿ ಬಂತು, ಮಸೂತಿ ಬಂತು, ನೀರಿನ ಟಾಕಿ, ಸಾಲಿ, ಓಣಿ ಓಣಿ ಮನಿ ಬಂದ್ವು. ಬಾಲಮಂದಿರ ಮಾತ್ರ ಯಾರೂ ಬರೀಲಿಲ್ಲ. ರತ್ನಾಬಾಯಿ ಎದ್ದಳು. ದಿನಾ ಹೊಸ್ತಿಲ ಮುಂದ ರಂಗೋಲಿ ಎಳೀತಿದ್ದ ಕೈ ಅದು, ಗೆರಿ ಸೊಟ್ಟಾಗಲಿಲ್ಲ. ಬಸ್ ನಿಲ್ದಾಣದಿಂದ ಬಾಲಮಂದಿರದ ತನಕ ಒಂದೇ ಎಳೀ ಹಾದಿ ಎಳೆದು, ನಕ್ಷಾದಾಗಿನ ತನ್ನ ಮನಿ ಮುಂದ ಒಂದು ಚಿಟಿಕಿ ಹಳದಿ ಪುಡಿ ಇಟ್ಟಳು.

“ಇದೇನಮ್ಮ?” ವೃಂದಾ ಕೇಳಿದಳು.

“ಇಲ್ಲಿ ಆ ತಾಯಂದಿರು ನೀರು ಕುಡೀತಾರ್ರಿ.”

ಅಷ್ಟರಾಗ ಕಲ್ಲು ಒಡೆಯೋ ಕೆಲಸದ ಇಮಾಮ್ಬೀ, ಆಕಿನೂ ಪಂಚಾಯ್ತಿ ಮೆಂಬರೇ, ಮುಂದ ಬಂದು ತನ್ನ ಮನಿ ಮುಂದೊಂದು ಹಳದಿ ಇಟ್ಟಳು. “ನಮ್ಮ ನಳದಾಗ ಮಾರಿ ತೊಳಕೋತಾರ ರತ್ನಕ್ಕ. ಅತ್ತಿದ್ದು ಮಕ್ಕಳಿಗೆ ಕಾಣಬಾರದಂತ.” ಮತ್ತೊಬ್ಬಾಕಿ ಬಂದಳು, ಅಲ್ಲಿ ಬುತ್ತಿ ಬಿಚ್ಚತಾರ. ಇನ್ನೊಬ್ಬಾಕಿ, ಅಲ್ಲಿ ಕೂಸಿಗೆ ಹಾಲು. ತಾನೊಬ್ಬಳೇ ಗಂಡನ ಕಣ್ಣು ತಪ್ಪಿಸಿ ಮಾಡಾಕತ್ತೀನಿ ಅಂತ ಒಬ್ಬೊಬ್ಬಳೂ ಮೂರು ವರ್ಷ ತಿಳಕೊಂಡಿದ್ದಳು. ಹಾದಿ ಉದ್ದಕ್ಕೂ ಹನ್ನೊಂದು ಹಳದಿ ಬೊಟ್ಟು ಬಿದ್ದವು. ಎಂಥಾ ಹೆಣ್ಣುಮಕ್ಕಳ್ರಿ ಇವರು, ನೆನೆಸಿದ್ರ ನನಗ ಇವತ್ತಿಗೂ ಎದಿ ತುಂಬತದ. “ನಮ್ಮನಿದೂ ಅದ ಏನು?” ಅಂತ ಕಟ್ಟಿ ಮ್ಯಾಲಿಂದ ಒಬ್ಬ ಸಣ್ಣ ದನಿಲೆ ಕೇಳಿದ.

ದೇವಿಂದ್ರಪ್ಪ ಗಂಟಲು ಸರಿ ಮಾಡಿಕೊಂಡ. “ನೀರು ಕೊಟ್ಟಿದ್ದು ಇರಲಿ. ಪಂಪು ಹೋಗಿದ್ದು ಖರೇ ಅಲ್ಲ?”

“ಪಂಪು ಅಖ್ತರಕ್ಕ ಒಯ್ದಿಲ್ಲರಿ,” ಅಂದಳು ರತ್ನಾಬಾಯಿ. ಸಭಾದಾಗ ಗಂಡನಿಗೆ ಎದುರು ಮಾತಾಡಿದ್ದು ಅದೇ ಮೊದಲು. “ಆಕಿಗೆ ತನ್ನ ಕಾಲು ಎತ್ತಿಡೂದೇ ಆಗೂದಿಲ್ಲ. ಖಣಿ ಸುತ್ತು ಹಾಕು ಅಂದ್ರ ಆಕಿ ಮಗನ ಮಾರಿ ನೋಡೂದಿಲ್ಲ. ಈ ಠರಾವಿಗೆ ನಾ ಸಹಿ ಮಾಡೂದಿಲ್ಲ.”

ದೇವಿಂದ್ರಪ್ಪ ಕಟ್ಟಿ ಇಳಿದು ಬಂದ. ಕಾಲಿಲೆ ಗೆರಿ ಅಳಿಸ್ತಾನ ಅಂತ ಇಮಾಮ್ಬೀ ಅಡ್ಡ ನಿಂತಳು. ಆತ ಆಕಿನ್ನ ಬಳಸಿ ಹೋಗಿ, ಹಳದಿ ಪುಡಿ ತಗೊಂಡು, ಸೊಂಟ ಹಿಡಿದು ಬಗ್ಗಿ, ಬಸ್ ನಿಲ್ದಾಣದ ಹತ್ರ ಒಂದು ಬೊಟ್ಟು ಇಟ್ಟ. ಹನ್ನೆರಡನೇದು.

“ಆ ಮೊಳಕಾಲು ನೋವಿನ ಹೆಣ್ಣುಮಗಳನ್ನ ನಾಕು ಸಲ ಗಾಡಿ ಮ್ಯಾಲ ಕೂಡಿಸಿಕೊಂಡು ಬಂದೀನಿ,” ಅಂದ, ನೆಲ ನೋಡಿಕೋತ. “ಓಣಿ ತುದಿ ತನಕ.”

“ಓಣಿ ತುದಿಗ್ಯಾಕ ಇಳಿಸಿದ್ರಿ?” ರತ್ನಾಬಾಯಿ ಕೇಳಿದಳು.

“ಮನಿ ತನಕ ಬಂದ್ರ ನೀ ನೋಡ್ತಿದ್ದಿ. ಊರ ತುಂಬ ಅಷ್ಟೆಲ್ಲ ಮಾತಾಡಿದ ಮ್ಯಾಲ ನಿನ್ನ ಮುಂದ ಯಾವ ಮಾರಿ ಹೊತ್ತು ನಿಂದರಬೇಕಿತ್ತು?”

ಹಾದಿ ಉಳೀತು. ಹಾದಿಗೊಂದು ನಳ, ಕೂಡಲಿಕ್ಕೆ ಫರಸಿ ಕಟ್ಟಿ, ಮ್ಯಾಲೊಂದು ನೆರಳು ಅಂತ ಯೋಜನೆಯ ಮೊದಲನೇ ಕೆಲಸ ಬರಕೊಂಡ್ರು. ಎಲ್ಲಾರೂ ಪಂಚಾಯ್ತಿಗೆ ತಿರುಗಿ ಬಂದು ಠರಾವಿನ ಪುಸ್ತಕ ತಗದಾಗ ದೇವಿಂದ್ರಪ್ಪ ರೂಢಿ ಪ್ರಕಾರ ಸಹಿ ಜಾಗಕ್ಕ ಬೆರಳಿಟ್ಟ. ರತ್ನಾಬಾಯಿ ಆ ಬೆರಳು ಮೆಲ್ಲಗ ಸರಿಸಿ, “ಓದ್ತೀನಿ ತಡೀರಿ,” ಅಂದಳು. ಆಕಿ ಅಕ್ಷರ ಅಕ್ಷರ ಕೂಡಿಸಿ ಓದಿ ಮುಗಿಸೂ ತನಕ ಆತ ನಿಂತೇ ಇದ್ದ. ಕುರ್ಚಿ ಖಾಲಿ ಇತ್ತು, ಆಕಿ ಓದಿ ಮುಗಿಸಿ ಅದರ ಮ್ಯಾಲ ಕೂತು ಸಹಿ ಮಾಡಿದಳು.

ಮುಂದಿನ ಐತವಾರ ಗಾಡಿ ಓಣಿ ತುದಿಗೆ ನಿಲ್ಲಲಿಲ್ಲ. ಅಖ್ತರ ಬೇಗಂನ್ನ ಹಿಂದ ಕೂಡಿಸಿಕೊಂಡು, ಹಿತ್ತಲಿಗಲ್ಲ, ಮುಂದಿನ ಬಾಗಿಲಿಗೆ ಬಂತು.