ಅಕ್ಕನ ಕೆಂಪು ಚುಕ್ಕಿ

ಕೆಂಪು—ಮುತ್ಯಾಬಾನ ಕಂಪ್ಯೂಟರಿನ ಒಳಗೆ, ತಿರುಗುವ ಫ್ಯಾನಿನ ಹಿಂದೆ ಏನೋ ಕೆಂಪಗೆ, ಸಾಸಿವೆಯಷ್ಟು, ಸೆಕೆಗೆಂದು ಅವನು ಪಕ್ಕದ ತಗಡು ಬಿಚ್ಚಿಟ್ಟಿದ್ದಾನೆ, ಬಿಚ್ಚಿಟ್ಟು ರೋಲೆಕ್ಸ್, ಚಪಾತಿಯಲ್ಲಿ ಸುತ್ತಿದ ಮೊಟ್ಟೆ, ತರಲು ಕೆಳಗಿನ ಚಪಾತಿ ಗಾಡಿಗೆ ಹೋಗಿದ್ದಾನೆ, ನಿನ್ನದಕ್ಕೆ ಎರಡು ಮೊಟ್ಟೆ ಹಾಕಿಸ್ಲಾ ನಸ್ಸೂನಾ, ಟೊಮೇಟೊ ಬೇಡ ಅಲ್ವಾ, ಎಷ್ಟು ಕಾಳಜಿ ನೋಡು—ಹುಳ ಇರಬೇಕು, ಅಲ್ಲ, ಹುಳ ಹೀಗೆ ಅಲುಗದೆ ಕೂರುವುದಿಲ್ಲ, ನಸ್ಸೂನಾ ಬಗ್ಗಿ ನೋಡಿದಳು, ಉಗುರುಬಣ್ಣ. ಹಸಿರು ಮೆಮೊರಿ ಪಟ್ಟಿಯ ತುದಿಯಲ್ಲಿ ಉಗುರುಬಣ್ಣದ ಚುಕ್ಕಿ. ಇಡೀ ವಾಂಡೆಗೆಯಾ ಪೇಟೆಯಲ್ಲಿ ಇನ್ಯಾರು ಹಾಗೆ ಇಡುತ್ತಾರೆ, ಬಾಚಣಿಗೆಗೆ, ಕೂದಲೊಣಗಿಸುವ ಯಂತ್ರಕ್ಕೆ, ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ, ಪಕ್ಕದ ಸಲೂನಿನವರು ಒಯ್ದದ್ದನ್ನು ವಾಪಸು ಕೊಡುವುದಿಲ್ಲವೆಂದು ನಲ್ವೋಗಾ ಅಕ್ಕ ತನ್ನ ಸಲೂನಿನ ಎಲ್ಲಕ್ಕೂ ಇಡುತ್ತಿದ್ದಳು, ರಸ್ತೆ ಅಗಲ ಮಾಡುವವರು ಸಲೂನು ಕೆಡವಿ ಅವಳು ಮಸ್ಕತ್ತಿಗೆ ಮನೆಗೆಲಸಕ್ಕೆ ಹೋದ ಮೇಲೂ ಚಟ ಬಿಡಲಿಲ್ಲ, ಅಲ್ಲಿಂದ ನಸ್ಸೂನಾಳ ಕಂಪ್ಯೂಟರಿಗೆಂದು ಈ ಪಟ್ಟಿ ಕಳಿಸುವಾಗಲೂ ಚುಕ್ಕಿ ಇಟ್ಟೇ ಕಳಿಸಿದಳು, ಯಾರಾದ್ರೂ ಎತ್ಕೊಂಡು ಹೋದ್ರೆ ಗೊತ್ತಾಗ್ಲಿ ಕಣೇ, ನಸ್ಸೂನಾ ನಕ್ಕಿದ್ದಳು, ಕಂಪ್ಯೂಟರಿನ ಹೊಟ್ಟೆಯೊಳಗಿಂದ ಯಾರಕ್ಕಾ ಎತ್ಕೊಂಡು ಹೋಗ್ತಾರೆ.

ತನ್ನ ಪರದೆಯ ಮೇಲೆ ಮತ್ತೆ ಅದೇ, ಮೆಮೊರಿ ಸಾಲದು, ಇಬ್ಬರೂ ಸೇರಿ ಮಾಡುತ್ತಿರುವ ಬಸ್ಸಿನ ಆಟಕ್ಕೆ ಬೀದಿ ಕಟ್ಟುವ ತಂತ್ರಾಂಶ ಮತ್ತೆ ತಾನೇ ಮುಚ್ಚಿಕೊಂಡಿದೆ—ಮೂರು ವಾರದಿಂದ ಇದೇ ಗೋಳು, ಮುಚ್ಚಿಕೊಂಡಾಗೆಲ್ಲ ಕೊನೆಗೆ ಇಟ್ಟ ವಸ್ತುವಿನ ಮೇಲೇ ಅನುಮಾನ, ಈ ಕೆಲಸದವರ ರೂಢಿ ಅದು, ನನ್ನದೇ ತಪ್ಪು, ನಾನೇ ಹೆಚ್ಚು ತುಂಬಿದೆ, ನನ್ನ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ನೋಡಬೇಕೆಂದು ಹೊಳೆಯಲೇ ಇಲ್ಲ. ಆಟದ ಬೀದಿಯಲ್ಲಿ ಕಟ್ಟಿದ್ದ ಅಕ್ಕನ ಸಲೂನಿನಿಂದ ಮೊದಲು ಕನ್ನಡಿ ಹೋಯಿತು, ಕನ್ನಡಿ ತುಂಬಾ ಭಾರ ಕಣೇ, ಇಡೀ ಬೀದಿನ ಇನ್ನೊಂದ್ಸಲ ಬರೀಬೇಕು ಅದು, ಅಳಿಸು, ಪಕ್ಕದ ಕುರ್ಚಿಯಲ್ಲಿ ಮುತ್ಯಾಬಾ, ಆಟದ ಅರ್ಧ ಪಾಲುದಾರ, ಗಿರಾಕಿಗಳ ಮದುವೆ ವಿಡಿಯೊ ಕತ್ತರಿಸುತ್ತ, ಅವನ ಯಂತ್ರ ಎಣ್ಣೆ ಹಾಕಿದ ಹಾಗೆ ಓಡುತ್ತಿತ್ತು. ಆಮೇಲೆ ಗೂಟಕ್ಕೆ ನೇತುಹಾಕಿದ ಸವರಿಕೂದಲು, ಆಮೇಲೆ ಸರದಿ ಕಾಯುವ ಹೆಂಗಸರು, ಬಸ್ಸು ಓಡಿಸೋ ಆಟದಲ್ಲಿ ಸಲೂನೊಳಗೆ ಯಾರು ಹೋಗ್ತಾರೆ ಮಾರಾಯ್ತಿ, ಅಳಿಸು, ಆಮೇಲೆ ಕುರ್ಚಿ, ಕುರ್ಚಿಯ ಕಾಲಿನ ಚುಕ್ಕಿಯೂ ಕುರ್ಚಿಯ ಜೊತೆಗೇ. ಫೋಟೊ ಒಂದೂ ಇರಲಿಲ್ಲ, ಭಾನುವಾರ ಭಾನುವಾರ ಫೋನಿನಲ್ಲಿ ಅಕ್ಕನನ್ನು ಕೇಳಿ ಕೇಳಿ ಕಟ್ಟಿದ್ದು, ಕಿಟಕಿ ಎಡಕ್ಕಾ ಬಲಕ್ಕಾ ಅಕ್ಕಾ, ಬಲಕ್ಕೇ, ಪರದೆ ಹರಿದಿತ್ತು, ಹರಿದ ಹಾಗೇ ಇಡು, ಅನ್ನುತ್ತಿದ್ದಳು ಅಕ್ಕ. ಕೊನೆಗೆ ಉಳಿಸಿಟ್ಟಿದ್ದ ಹಳೆಯ ಪ್ರತಿಗಳೂ. ಮೆಮೊರಿ ಸಾಲದಿದ್ರೆ ಅದು ಡಿಸ್ಕಿನ ಜಾಗ ಬಳಸುತ್ತೆ ಕಣೇ, ಹಳೇದೆಲ್ಲ ತೆಗೆದು ಜಾಗ ಮಾಡು, ಮಾತು ಸುಳ್ಳಲ್ಲ, ಅದಕ್ಕೇ ನಂಬಿದಳು, ಎಲ್ಲ ತೆಗೆದಳು, ಈಗ ಬೀದಿಯಲ್ಲಿ ಉಳಿದದ್ದು ಮುಚ್ಚಿದ ಬಾಗಿಲಿನ ಚಿತ್ರ ಅಂಟಿಸಿದ ಒಂದು ಗೋಡೆ. ನಾನು ಅತ್ತ ದಿನ ಹೆಗಲು ತಟ್ಟಿದ, ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದ, ತಟ್ಟುವಾಗಲೂ ಆ ಕೆಂಪು ಅವನ ಮೊಣಕಾಲ ಪಕ್ಕದಲ್ಲೇ ಇತ್ತು.

ಮೆಟ್ಟಿಲು, ಚಪ್ಪಲಿ, ಈರುಳ್ಳಿಯ ವಾಸನೆ, ತಗೋ ಬಿಸಿ ಇದೆ, ಏನಾಯ್ತು ಹಂಗ್ಯಾಕೆ ನೋಡ್ತೀಯ—ಅದು ಯಾರದು ಮುತ್ಯಾಬಾ. ಯಾವುದು. ಅದು. ಅವನು ಪೊಟ್ಟಣ ಕೆಳಗಿಟ್ಟ, ಕೈ ಒರೆಸಿಕೊಂಡ, ಒಂದು ವಿಡಿಯೊ ಮುಗಿಯೋವರೆಗೂ ಅಂತ ತಗೊಂಡೆ ಕಣೇ, ಆಮೇಲೆ ಇನ್ನೊಂದು ಬಂತು, ನೀನೂ ಕೇಳ್ಲಿಲ್ವಲ್ಲ. ಕೇಳಲಿಲ್ಲ. ಕೇಳಲಿಲ್ಲವಂತೆ. ಅಳಿಸು ಅಂದ್ಯಲ್ಲೋ, ಒಂದೊಂದನ್ನೂ ಅಳಿಸು ಅಂತ ನೀನೇ ಅಂದ್ಯಲ್ಲೋ. ವಾಪಸ್ ಹಾಕ್ಕೊಡ್ತೀನಿ ಬಿಡು, ಈಗಲೇ ಹಾಕ್ಕೊಡ್ತೀನಿ, ಒಂದು ಪಟ್ಟಿಗೆ ಇಷ್ಟೊಂದು ರಂಪಾನಾ—ಹಾಕಿದರೆ ಜಾಗ ಬರುತ್ತದೆ, ತುಂಬಲು ಏನಿದೆ, ಹರಿದ ಪರದೆ ಯಾವ ಬದಿಗೆ ಹರಿದಿತ್ತು, ಮೇಲೋ ಕೆಳಗೋ, ಮತ್ತೆ ಅಕ್ಕನನ್ನೇ ಕೇಳಬೇಕು, ಕೇಳಿದರೆ ಅಳಿಸಿದ್ದನ್ನೂ ಹೇಳಬೇಕು. ಫೋನು ಅದುರುತ್ತಿದೆ. ಭಾನುವಾರ. ಪರದೆಯಲ್ಲಿ ಅಕ್ಕ, ಯಾರದೋ ಅಡುಗೆಮನೆಯ ಬಿಳಿ ಗೋಡೆ, ಪಿಸುಮಾತು, ಮೇಡಂ ಮಲಗಿದ್ದಾರೆ, ಸಲೂನು ಇವತ್ತು ತೋರಿಸ್ತೀನಿ ಅಂದಿದ್ಯಲ್ಲೇ, ಬೇಗ ತೋರಿಸು, ನನ್ನ ಕನ್ನಡಿ ಇಟ್ಟಿದ್ದೀಯಾ, ಎಲ್ಲಿ ಸರಿಯಾಗಿ ಹಿಡಿ—ನಸ್ಸೂನಾ ಫೋನು ತಿರುಗಿಸುತ್ತಾಳೆ, ಆಟದೊಳಗಿನ ಆ ಗೋಡೆಯ ಕಡೆಗಲ್ಲ, ಕೈ ತಾನಾಗಿ ಬಿಚ್ಚಿದ ತಗಡಿನ ಕಡೆಗೆ ಹೋಗುತ್ತದೆ, ಮುತ್ಯಾಬಾ ಪಕ್ಕಕ್ಕೆ ಸರಿಯುತ್ತಾನೆ, ಎಲ್ಲೇ, ಕತ್ತಲು, ಏನೂ ಕಾಣ್ತಿಲ್ಲ ನಸ್ಸೂನಾ, ಫ್ಯಾನಿನ ಹಿಂದೆ ಏನೋ ಕೆಂಪಗೆ, ಇರು, ಇರು, ಅದು ನಾನಿಟ್ಟ ಚುಕ್ಕಿ ಅಲ್ವಾ—ಫ್ಯಾನಿನ ಹಿಂದೆ, ಸಾಸಿವೆಯಷ್ಟು, ಕೆಂಪು.